ಕರಗಿಸುವ ಮನೆಯಲ್ಲಿ ನಾಣ್ಯ ಉಳಿಸಿದವರು: ಜೇಮ್ಸ್ ಪ್ರಿನ್ಸೆಪ್

ನಮ್ಮ ನಾನಾ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ ಮಾಡುತ್ತಿದ್ದರು. ಊರೂರು ತಿರುಗುವಾಗ ಕೆಲವು ಮನೆಗಳಲ್ಲಿ ಕೂಲಿಯ ಬದಲು ಹಳೆಯ ತಾಮ್ರದ ಚೂರುಗಳನ್ನು ಕೊಡುತ್ತಿದ್ದರಂತೆ. ಆ ಚೂರುಗಳ ನಡುವೆ ಹಳೆಯ ಕಾಸುಗಳೂ ಬರುತ್ತಿದ್ದವು. ತಾಮ್ರವನ್ನೆಲ್ಲ ಗುಜರಿಗೆ ಹಾಕಿದರೂ ಅಕ್ಷರ ಇರುವ ಕಾಸನ್ನು ಮಾತ್ರ ನಾನಾ ಒಂದು ಬಿಸ್ಕತ್ತು ಡಬ್ಬಿಯಲ್ಲಿ ಎತ್ತಿಡುತ್ತಿದ್ದರು. ಅವರಿಗೆ ಓದು ಹೆಚ್ಚು ಬರುತ್ತಿರಲಿಲ್ಲ. ಆದರೂ ಅಕ್ಷರ ಇರುವುದನ್ನು ಕರಗಿಸಬಾರದು ಎಂಬುದು ಅವರ ನಿಯಮವಾಗಿತ್ತು.

ನಾನಾ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಆ ಡಬ್ಬಿ ಸಿಕ್ಕಿತು. ತೂಕಕ್ಕೆ ಹಾಕಿಬಿಡೋಣ ಎಂದು ಅಬ್ಬಾ ಹೇಳಿದರು. ಅದನ್ನು ಇಟ್ಟುಕೊಂಡು ಏನು ಮಾಡುತ್ತೀಯ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ನಾವು ಕ್ಯಾಂಟೀನಿನಲ್ಲಿ ಹತ್ತು ರೂಪಾಯಿಯ ಚಹಾಕ್ಕೂ ಮೊಬೈಲಿನಲ್ಲಿ ಹಣ ಕೊಡುವವರು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋದವು. ಕಾಗದ ಬರೆದು ಅಂಚೆಚೀಟಿ ಅಂಟಿಸಿದ ಅನುಭವ ನಮ್ಮ ತರಗತಿಯಲ್ಲಿ ಎಷ್ಟು ಜನರಿಗಿದೆಯೋ ಗೊತ್ತಿಲ್ಲ. ಹೀಗಿರುವಾಗ ನಾಣ್ಯ, ಅಂಚೆಚೀಟಿ ಕೂಡಿಸುವ ಹವ್ಯಾಸಕ್ಕೆ ಮುಂದೆ ಅರ್ಥವಿದೆಯೇ? ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಜೇಮ್ಸ್ ಪ್ರಿನ್ಸೆಪ್ ಅವರ ಜೀವನ. ಸಾಮ್ರಾಟ ಅಶೋಕನ ಶಾಸನಗಳನ್ನು ಓದಿದವರು ಎಂದು ಇತಿಹಾಸದ ಪಾಠದಲ್ಲಿ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಆದರೆ ಅವರು ವೃತ್ತಿಯಿಂದ ಇತಿಹಾಸಕಾರರಲ್ಲ, ಟಂಕಸಾಲೆಯ ನೌಕರರು.

ಪ್ರಿನ್ಸೆಪ್ ಅವರು 1799ರ ಆಗಸ್ಟ್ 20ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರು. ತಂದೆ ಜಾನ್ ಪ್ರಿನ್ಸೆಪ್ ಹೆಚ್ಚೇನೂ ಇಲ್ಲದೆ ಭಾರತಕ್ಕೆ ಬಂದು ನೀಲಿ ಬೆಳೆಯ ವ್ಯಾಪಾರದಿಂದ ಹಣ ಮಾಡಿದವರು. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ತಾಮ್ರದ ನಾಣ್ಯ ಹೊಡೆದುಕೊಡುವ ಗುತ್ತಿಗೆಯನ್ನೂ ಅವರು ಹಿಡಿದಿದ್ದರು. ಮಗ ಜೇಮ್ಸ್ ಅವರಿಗೆ ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳನ್ನು ಕಟ್ಟುವುದರಲ್ಲಿ ಆಸಕ್ತಿ. ಕಟ್ಟಡಗಳ ವಿನ್ಯಾಸ ಕಲಿಯಲು ಹೊರಟರು. ಆದರೆ ಕಣ್ಣಿನ ಕಾಯಿಲೆ ಬಂದು ದೃಷ್ಟಿ ದುರ್ಬಲವಾಯಿತು. ನಕ್ಷೆ ಬರೆಯುವ ಕೆಲಸ ಬಿಡಬೇಕಾಯಿತು.

ಅಂದುಕೊಂಡ ಕೋರ್ಸು ಸಿಗದೆ ಬೇರೆ ಕೋರ್ಸಿಗೆ ಸೇರಿದವರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಘಟ್ಟ ಚೆನ್ನಾಗಿ ಅರ್ಥವಾಗುತ್ತದೆ. ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುವ ಕೆಲಸಕ್ಕೆ ಅವಕಾಶವಿದೆ ಎಂದು ತಂದೆಗೆ ತಿಳಿಯಿತು. ಜೇಮ್ಸ್ ಅವರು ಲಂಡನ್ನಿನಲ್ಲಿ ರಸಾಯನಶಾಸ್ತ್ರ ಕಲಿತು, ಅಲ್ಲಿನ ರಾಜ ಟಂಕಸಾಲೆಯಲ್ಲಿ ತರಬೇತಿ ಪಡೆದರು. 1819ರ ಸೆಪ್ಟೆಂಬರಿನಲ್ಲಿ ಕಲ್ಕತ್ತಕ್ಕೆ ಬಂದಿಳಿದಾಗ ಅವರಿಗೆ 20 ವರ್ಷ. ಅಲ್ಲಿನ ಟಂಕಸಾಲೆಯಲ್ಲಿ ಹೊರೇಸ್ ಹೇಮನ್ ವಿಲ್ಸನ್ ಎಂಬ ಸಂಸ್ಕೃತ ವಿದ್ವಾಂಸರ ಕೈಕೆಳಗೆ ಸ್ವಲ್ಪ ಕಾಲ ಕೆಲಸ ಮಾಡಿದರು. ನಂತರ ಬನಾರಸಿನ ಟಂಕಸಾಲೆಗೆ ಪರೀಕ್ಷಕರಾಗಿ ಹೋದರು.

ಈ ಪರೀಕ್ಷೆ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿದರೆ ಅವರ ಸ್ವಭಾವ ತಿಳಿಯುತ್ತದೆ. ಬೆಳ್ಳಿಯಿಂದ ಒಂದು ಸಣ್ಣ ಚೂರು ಕತ್ತರಿಸಿ ತೂಗುತ್ತಾರೆ. ಅದನ್ನು ಸೀಸದ ಜೊತೆ ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಕುಲುಮೆಯಲ್ಲಿ ಕಾಯಿಸುತ್ತಾರೆ. ಸೀಸವೂ ಬೆರಕೆ ಲೋಹವೂ ಬಟ್ಟಲಿನೊಳಗೆ ಇಂಗಿಹೋಗಿ ಚೊಕ್ಕ ಬೆಳ್ಳಿಯ ಗುಂಡು ಮಾತ್ರ ಉಳಿಯುತ್ತದೆ. ಅದನ್ನು ಮತ್ತೆ ತೂಗಿದರೆ ಮೂಲ ಚೂರಿನಲ್ಲಿ ಎಷ್ಟು ಬೆಳ್ಳಿ ಇತ್ತೆಂದು ಲೆಕ್ಕ ಸಿಗುತ್ತದೆ. ತಕ್ಕಡಿ ಕೂದಲೆಳೆಯಷ್ಟು ತಪ್ಪಿದರೂ ಲಕ್ಷಾಂತರ ರೂಪಾಯಿಯ ನಾಣ್ಯದಲ್ಲಿ ದೊಡ್ಡ ನಷ್ಟವಾಗುತ್ತದೆ. ಹಾಗಾಗಿ ಪ್ರಿನ್ಸೆಪ್ ಅವರು ಒಂದು ಗ್ರೇನಿನ ಸಾವಿರದಲ್ಲಿ ಮೂರು ಪಾಲನ್ನು ಗುರುತಿಸುವ ತಕ್ಕಡಿಯನ್ನು ರೂಪಿಸಿದರು. ಕುಲುಮೆಯ ಬಿಸಿಯನ್ನು ನಿಖರವಾಗಿ ಅಳೆಯುವ ವಿಧಾನವನ್ನೂ ಕಂಡುಹಿಡಿದರು. ಈ ಸಂಶೋಧನೆ 1828ರಲ್ಲಿ ಪ್ರಕಟವಾಯಿತು. ಅದರಿಂದ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು.

ಬನಾರಸಿನಲ್ಲಿ ಅವರು ಸುಮಾರು ಹತ್ತು ವರ್ಷ ಇದ್ದರು. ಆಫೀಸಿನ ಕೆಲಸ ಮುಗಿಸಿ ಸುಮ್ಮನೆ ಕೂರುವವರಲ್ಲ. ನಗರದ ನಕ್ಷೆ ತಯಾರಿಸಿದರು, ಜನಗಣತಿ ಮಾಡಿದರು, ಘಾಟುಗಳ ಚಿತ್ರ ಬರೆದರು. ನೀರು ನಿಂತು ರೋಗ ಹರಡುತ್ತಿದ್ದ ಪ್ರದೇಶಗಳಿಗೆ ನೆಲದಡಿಯ ದೊಡ್ಡ ಚರಂಡಿ ಕಟ್ಟಿಸಿದರು. ಕರ್ಮನಾಶಾ ನದಿಗೆ ಸೇತುವೆಯ ವಿನ್ಯಾಸ ಮಾಡಿದರು. ಔರಂಗಜೇಬ್ ಕಾಲದ ಮಸೀದಿಯ ಮಿನಾರುಗಳನ್ನು ದುರಸ್ತಿ ಮಾಡಿಸಿದರು. ಕಣ್ಣು ಕೆಟ್ಟು ಬಿಟ್ಟುಹೋಗಿದ್ದ ಕಟ್ಟಡ ವಿದ್ಯೆ ಹೀಗೆ ಬೇರೆ ದಾರಿಯಿಂದ ಅವರ ಕೈಗೆ ಮರಳಿ ಬಂತು.

1830ರಲ್ಲಿ ಬನಾರಸಿನ ಟಂಕಸಾಲೆ ಮುಚ್ಚಿತು. ಪ್ರಿನ್ಸೆಪ್ ಅವರು ಕಲ್ಕತ್ತಕ್ಕೆ ಮರಳಿದರು. 1832ರಲ್ಲಿ ವಿಲ್ಸನ್ ಅವರು ಆಕ್ಸ್‌ಫರ್ಡಿಗೆ ಹೊರಟಾಗ ಮುಖ್ಯ ಪರೀಕ್ಷಕರ ಹುದ್ದೆಯೂ ಏಷಿಯಾಟಿಕ್ ಸೊಸೈಟಿಯ ಕಾರ್ಯದರ್ಶಿ ಸ್ಥಾನವೂ ಇವರಿಗೆ ಬಂದವು.

ಕಾಮರ್ಸ್ ಓದುವ ನಮಗೆ ಇಲ್ಲಿಂದ ಮುಂದಿನ ಭಾಗ ಬಹಳ ಮುಖ್ಯ. ಆ ಕಾಲದಲ್ಲಿ ರೂಪಾಯಿ ಎಂದರೆ ಒಂದೇ ರೂಪಾಯಿ ಅಲ್ಲ. ಬಂಗಾಳದಲ್ಲಿ ಸಿಕ್ಕಾ ರೂಪಾಯಿ, ಮದರಾಸಿನ ಕಡೆ ಆರ್ಕಾಟ್ ರೂಪಾಯಿ, ಮುಂಬಯಿ ಕಡೆ ಸೂರತ್ ರೂಪಾಯಿ, ಉತ್ತರದಲ್ಲಿ ಫರೂಕಾಬಾದ್ ರೂಪಾಯಿ ನಡೆಯುತ್ತಿದ್ದವು. ಒಂದೊಂದರ ತೂಕ, ಬೆಳ್ಳಿಯ ಅಂಶ ಬೇರೆ ಬೇರೆ. ಒಂದು ಕಡೆಯ ನಾಣ್ಯವನ್ನು ಇನ್ನೊಂದು ಕಡೆ ಕೊಟ್ಟರೆ ಶರಾಫರು ವಟ್ಟ ಮುರಿದುಕೊಳ್ಳುತ್ತಿದ್ದರು. ಹೊಡೆದ ವರ್ಷ ಹಳೆಯದಾದರೂ ವಟ್ಟ ಹಿಡಿಯುವ ಪದ್ಧತಿ ಇತ್ತು. ನಷ್ಟವೆಲ್ಲ ಕೊನೆಗೆ ಬೀಳುತ್ತಿದ್ದದ್ದು ರೈತರ ಮತ್ತು ಸಣ್ಣ ವ್ಯಾಪಾರಿಗಳ ಮೇಲೆ.

ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ, ಒಂದೇ ರೂಪಾಯಿ ಇರಬೇಕೆಂದು ಪ್ರಿನ್ಸೆಪ್ ಅವರು ಒತ್ತಾಯಿಸಿದರು. 1835ರಲ್ಲಿ ಅದಕ್ಕೆ ಕಾನೂನು ಬಂತು. ಹೊಸ ರೂಪಾಯಿಯ ತೂಕ 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ. ಅದರಲ್ಲಿ 165 ಗ್ರೇನ್ ಚೊಕ್ಕ ಬೆಳ್ಳಿ, 15 ಗ್ರೇನ್ ಬೆರಕೆ. ಒಂದು ರೂಪಾಯಿಯ ತೂಕ ಒಂದು ತೊಲೆ. ಇಂದಿಗೂ ನಮ್ಮ ಮನೆಗಳಲ್ಲಿ ಮದುವೆಯ ಮಾತು ಬಂದಾಗ ಎಷ್ಟು ತೊಲೆ ಚಿನ್ನ ಎಂದು ಕೇಳುತ್ತಾರೆ. ಆ ತೊಲೆ ಇದೇ ಲೆಕ್ಕದ್ದು.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಅಲ್ಲಿಯವರೆಗೆ ಕಂಪನಿಯ ರೂಪಾಯಿಯ ಮೇಲೆ ಮೊಗಲ್ ಬಾದಶಾ ಷಾ ಆಲಂ ಹೆಸರು ಫಾರಸಿಯಲ್ಲಿ ಇರುತ್ತಿತ್ತು. 1835ರ ರೂಪಾಯಿಯ ಮೇಲೆ ಇಂಗ್ಲೆಂಡಿನ ರಾಜ ನಾಲ್ಕನೇ ವಿಲಿಯಮ್ ಅವರ ಮುಖ ಬಂತು. ದೇಶ ಯಾರ ಕೈಯಲ್ಲಿದೆ ಎಂಬುದನ್ನು ಜೇಬಿನಲ್ಲಿದ್ದ ನಾಣ್ಯವೇ ಹೇಳತೊಡಗಿತು. ಹಳೆಯ ನಾಣ್ಯಗಳು ಟಂಕಸಾಲೆಗೆ ಬಂದು ಕರಗತೊಡಗಿದವು. ವ್ಯಾಪಾರಕ್ಕೆ ಅನುಕೂಲವಾದದ್ದು ನಿಜ. ಆ ಅನುಕೂಲದಲ್ಲಿ ಕಂಪನಿಗೂ ದೊಡ್ಡ ಪಾಲಿತ್ತು ಎಂಬುದೂ ನಿಜ. ಪ್ರಿನ್ಸೆಪ್ ಅವರು ಆ ಕಂಪನಿಯ ಸಂಬಳ ತಿನ್ನುತ್ತಿದ್ದ ಅಧಿಕಾರಿ ಎಂಬುದನ್ನು ಮರೆತು ಅವರನ್ನು ಹೊಗಳಬಾರದು.

ಆದರೂ ಅವರನ್ನು ಮೆಚ್ಚಲು ಕಾರಣವಿದೆ. ಹಗಲು ಅವರ ಕಚೇರಿಯಲ್ಲಿ ಬೆಳ್ಳಿ ಕರಗುತ್ತಿತ್ತು. ಉಳಿದ ಸಮಯದಲ್ಲಿ ಅವರೇ ಹಳೆಯ ನಾಣ್ಯಗಳನ್ನು ಕೂಡಿಸಿ, ಒಂದೊಂದನ್ನೂ ನೋಡಿ ಚಿತ್ರ ಬರೆದು, ಸೊಸೈಟಿಯ ಮಾಸಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಅನೇಕ ಚಿತ್ರಗಳನ್ನು ಆ ದುರ್ಬಲ ಕಣ್ಣುಗಳಿಂದಲೇ ತಾವೇ ಕೆತ್ತಿದರು. ಪತ್ರಿಕೆ ಓದಿದವರು ದೇಶದ ಮೂಲೆಮೂಲೆಗಳಿಂದ ನಾಣ್ಯಗಳನ್ನು, ಶಾಸನಗಳ ಪಡಿಯಚ್ಚುಗಳನ್ನು ಕಳುಹಿಸತೊಡಗಿದರು. ರಣಜಿತ್ ಸಿಂಗರ ಸೇನೆಯ ಜನರಲ್ ವೆಂಚುರಾ, ಅಫ್ಘಾನಿಸ್ತಾನದಲ್ಲಿ ಸಾವಿರಾರು ನಾಣ್ಯ ಕೂಡಿಸಿದ ಚಾರ್ಲ್ಸ್ ಮೇಸನ್, ಕಾಬೂಲಿನಲ್ಲಿದ್ದ ಕರಾಮತ್ ಅಲಿ, ಪ್ರಯಾಣಿಕ ಮೋಹನ್ ಲಾಲ್, ಯುವ ಸೇನಾಧಿಕಾರಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಇವರೆಲ್ಲ ಅದರಲ್ಲಿ ಸೇರಿದ್ದರು. ಈ ಕನ್ನಿಂಗ್‌ಹ್ಯಾಮ್ ಅವರೇ ಮುಂದೆ ಭಾರತದ ಪುರಾತತ್ವ ಇಲಾಖೆಯ ಮೊದಲ ಮುಖ್ಯಸ್ಥರಾದರು.

ವಾಯುವ್ಯ ಗಡಿಯಿಂದ ಬಂದ ನಾಣ್ಯಗಳಲ್ಲಿ ಒಂದು ವಿಶೇಷವಿತ್ತು. ಒಂದು ಮುಖದಲ್ಲಿ ಗ್ರೀಕ್ ಅಕ್ಷರ, ಇನ್ನೊಂದು ಮುಖದಲ್ಲಿ ಯಾರಿಗೂ ಓದಲು ಬಾರದ ಅಕ್ಷರ. ಗ್ರೀಕ್ ಕಡೆ ಮೆನಾಂಡರ್ ಎಂಬ ರಾಜನ ಹೆಸರಿದ್ದರೆ ಇನ್ನೊಂದು ಕಡೆಯೂ ಅದೇ ಹೆಸರು ಇರಬೇಕಲ್ಲವೇ? ಮೇಸನ್ ಅವರು ಕೊಟ್ಟ ಈ ಸುಳಿವನ್ನು ಹಿಡಿದು ಪ್ರಿನ್ಸೆಪ್ ಅವರು ಒಂದೊಂದೇ ಅಕ್ಷರ ಗುರುತಿಸುತ್ತಾ ಹೋದರು. ಅದೇ ಖರೋಷ್ಠಿ ಲಿಪಿ. ನಮ್ಮ ಉರ್ದುವಿನಂತೆ ಅದೂ ಬಲದಿಂದ ಎಡಕ್ಕೆ ಸಾಗುತ್ತದೆ. ಅವರ ಕೈಯಲ್ಲಿ ಎಲ್ಲ ಅಕ್ಷರಗಳೂ ಬಿಡಿಸಲಿಲ್ಲ. ಉಳಿದದ್ದನ್ನು ನಂತರದವರು ಪೂರ್ತಿ ಮಾಡಿದರು.

ಇದಕ್ಕಿಂತ ದೊಡ್ಡ ಒಗಟು ಬ್ರಾಹ್ಮಿ ಲಿಪಿಯದು. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಒಂದು ಕಲ್ಲಿನ ಕಂಬವಿದೆ. ಸುಲ್ತಾನ್ ಫಿರೋಜ್ ಷಾ ತುಘಲಕ್ 14ನೇ ಶತಮಾನದಲ್ಲಿ ಅದನ್ನು ತೋಪ್ರಾ ಎಂಬ ಊರಿನಿಂದ ಜೋಪಾನವಾಗಿ ಹತ್ತಿ, ರೇಷ್ಮೆಯಲ್ಲಿ ಸುತ್ತಿಸಿ, ಯಮುನೆಯಲ್ಲಿ ದೋಣಿಯ ಮೇಲೆ ತರಿಸಿದ್ದರು. ಅದರ ಮೇಲಿದ್ದ ಬರಹವನ್ನು ಓದಿಸಲು ಪಂಡಿತರನ್ನು ಕರೆಸಿದರು. ಯಾರಿಂದಲೂ ಆಗಲಿಲ್ಲ. ಅದೇ ಅಕ್ಷರಗಳು ಅಲಹಾಬಾದಿನಲ್ಲಿ, ಬಿಹಾರದಲ್ಲಿ, ಗಿರ್ನಾರಿನಲ್ಲಿ, ಒಡಿಶಾದ ಧೌಲಿಯಲ್ಲಿ ಇದ್ದವು. ಬರೆಸಿದವರು ಯಾರು ಎಂಬುದು ಯಾರಿಗೂ ತಿಳಿದಿರಲಿಲ್ಲ.

1837ರಲ್ಲಿ ಸಾಂಚಿಯ ಸ್ತೂಪದ ಕಲ್ಲಿನ ಕಟಾಂಜನದ ಮೇಲಿದ್ದ ಚಿಕ್ಕ ಚಿಕ್ಕ ಬರಹಗಳ ಪಡಿಯಚ್ಚುಗಳು ಪ್ರಿನ್ಸೆಪ್ ಅವರ ಮೇಜಿಗೆ ಬಂದವು. ಅವನ್ನು ಸಾಲಾಗಿ ಜೋಡಿಸುವಾಗ ಹೆಚ್ಚು ಕಡಿಮೆ ಎಲ್ಲ ಬರಹಗಳೂ ಒಂದೇ ಎರಡು ಅಕ್ಷರಗಳಲ್ಲಿ ಮುಗಿಯುವುದನ್ನು ಗಮನಿಸಿದರು. ನಮ್ಮ ಮೊಹಲ್ಲಾದ ಮಸೀದಿಯ ಫ್ಯಾನುಗಳ ರೆಕ್ಕೆಯ ಮೇಲೆ, ಪಕ್ಕದ ಬೀದಿಯ ದೇವಸ್ಥಾನದ ಗಡಿಯಾರದ ಮೇಲೆ ದಾನ ಕೊಟ್ಟವರ ಹೆಸರು ಬರೆದಿರುತ್ತಾರಲ್ಲ, ಹಾಗೆಯೇ ಇವೂ ಇರಬೇಕು ಎಂದು ಅವರಿಗೆ ಹೊಳೆಯಿತು. ಹಾಗಿದ್ದರೆ ಕೊನೆಯ ಪದ ದಾನಂ. ಅದರ ಹಿಂದಿನ ಅಕ್ಷರ ಸ, ಇಂಥವರ ಎಂದು ಸೂಚಿಸುವ ಪ್ರತ್ಯಯ. ದಾ, ನ, ಸ ಸಿಕ್ಕ ಮೇಲೆ ಬೀಗ ತೆರೆಯಿತು. ವರ್ಷಗಟ್ಟಲೆ ನಾಣ್ಯಗಳ ಅಕ್ಷರಗಳನ್ನು ನೋಡಿ ಪಳಗಿದ್ದ ಕಣ್ಣಿಗೆ ಉಳಿದ ಅಕ್ಷರಗಳು ಬೇಗ ಬೇಗ ಗುರುತು ಸಿಕ್ಕವು. ಸೊಸೈಟಿಯ ಪಂಡಿತ ಕಮಲಾಕಾಂತರು ಅರ್ಥ ಬಿಡಿಸಲು ನೆರವಾದರು.

ದೆಹಲಿ ಕಂಬದ ಮಾತುಗಳು ದೇವಾನಾಂಪಿಯ ಪಿಯದಸಿ ಎಂಬ ರಾಜನದ್ದೆಂದು ತಿಳಿಯಿತು. ಈತ ಯಾರು? ಸಿಂಹಳದ ರಾಜನಿರಬೇಕೆಂದು ಪ್ರಿನ್ಸೆಪ್ ಅವರು ಮೊದಲು ಊಹಿಸಿದರು. ಅದು ತಪ್ಪಾಗಿತ್ತು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಎಂಬ ಅಧಿಕಾರಿ ಪಾಲಿ ಗ್ರಂಥಗಳನ್ನು ನೋಡಿ, ಪಿಯದಸಿ ಎಂದರೆ ಚಂದ್ರಗುಪ್ತ ಮೌರ್ಯನ ಮೊಮ್ಮಗ ಅಶೋಕ ಎಂದು ತಿಳಿಸಿದರು. ಪ್ರಿನ್ಸೆಪ್ ಅವರು ತಮ್ಮ ತಪ್ಪನ್ನು ತಮ್ಮ ಪತ್ರಿಕೆಯಲ್ಲಿಯೇ ತಿದ್ದಿಕೊಂಡರು. ಉತ್ತರಪತ್ರಿಕೆಯಲ್ಲಿ ಒಂದು ಅಂಕ ಹೋದರೂ ಒಪ್ಪಿಕೊಳ್ಳದ ನಮಗೆ ಇದರಲ್ಲಿ ಕಲಿಯುವುದಿದೆ.

ಕೆಲಸ ಅತಿಯಾಯಿತು. ಹಗಲು ಟಂಕಸಾಲೆ, ರಾತ್ರಿ ಲಿಪಿ, ಮಧ್ಯೆ ಪತ್ರಿಕೆಯ ಅಚ್ಚು. 1838ರಲ್ಲಿ ತಡೆಯಲಾಗದ ತಲೆನೋವು ಶುರುವಾಯಿತು. ಆ ವರ್ಷದ ಕೊನೆಯ ಭಾಗದಲ್ಲಿ ಅವರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕರೆದೊಯ್ದರು. ಮದುವೆಯಾಗಿ ಮೂರು ವರ್ಷವಷ್ಟೇ ಆಗಿತ್ತು, ಪುಟ್ಟ ಮಗಳಿದ್ದಳು. ಮಿದುಳಿನ ಕಾಯಿಲೆ ವಾಸಿಯಾಗಲಿಲ್ಲ. ಎರಡು ಮರೆತ ಲಿಪಿಗಳಿಗೆ ದಾರಿ ತೆರೆದ ಆ ಬುದ್ಧಿ ಮಂಕಾಗುತ್ತಾ ಹೋಯಿತು. 1840ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 40 ವರ್ಷ.

ಅದಾದ ಒಂಬತ್ತು ದಿನಕ್ಕೆ, ಮೇ 1ರಂದು, ಅದೇ ಲಂಡನ್ನಿನಲ್ಲಿ ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಮಾರಾಟಕ್ಕೆ ಬಂತು. ನಾಣ್ಯ ಕೂಡಿಸಿದ ಒಬ್ಬ ದೊಡ್ಡ ವ್ಯಕ್ತಿ ಹೋದ ಹೊತ್ತಿಗೆ ಇನ್ನೊಂದು ಹವ್ಯಾಸ ಹುಟ್ಟಿತು. ಪ್ರಿನ್ಸೆಪ್ ಅವರ ನೆನಪಿಗಾಗಿ 1843ರಲ್ಲಿ ಕಲ್ಕತ್ತದ ಹೂಗ್ಲಿ ದಂಡೆಯಲ್ಲಿ ಕಂಬಗಳ ಮಂಟಪವೊಂದನ್ನು ಕಟ್ಟಿದರು. ಅದನ್ನು ಪ್ರಿನ್ಸೆಪ್ ಘಾಟ್ ಎನ್ನುತ್ತಾರೆ. ಅವರ ನಾಣ್ಯ ಸಂಗ್ರಹ ಮುಂದೆ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಅವರು ಕರ್ನಾಟಕಕ್ಕೆ ಬಂದವರಲ್ಲ. ಆದರೆ ಅವರು ತೆರೆದ ಬಾಗಿಲಿನಿಂದಲೇ ನಮ್ಮ ನಾಡಿನ ಬಂಡೆಗಳೂ ಮಾತಾಡಿದವು. 1892ರಲ್ಲಿ ಬಿ.ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಬ್ರಹ್ಮಗಿರಿಯ ಶಾಸನ ಬ್ರಾಹ್ಮಿಯಲ್ಲಿದೆ. ಆದರೆ ಅದನ್ನು ಬರೆದ ಚಪಡ ಎಂಬ ಲಿಪಿಕಾರ ಕೊನೆಯಲ್ಲಿ ಲಿಪಿಕಾರನಿಂದ ಎಂಬ ಅರ್ಥದ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಒಂದೇ ಬಂಡೆಯ ಮೇಲೆ ಎಡದಿಂದ ಬಲಕ್ಕೆ ಒಂದು ಲಿಪಿ, ಬಲದಿಂದ ಎಡಕ್ಕೆ ಇನ್ನೊಂದು! 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಟರ್ನರ್ ಅವರ ಮಾತು ನಿಜವೆಂದು ಕಲ್ಲೇ ಸಾಕ್ಷಿ ನುಡಿಯಿತು.

ಇದನ್ನೆಲ್ಲ ಓದಿದ ಮೇಲೆ ನಾನು ನಾನಾ ಅವರ ಡಬ್ಬಿಯನ್ನು ಮತ್ತೆ ತೆರೆದೆ. ಮೊದಲು ಒಂದು ತಪ್ಪು ಮಾಡಿದೆ. ಒಂದು ಕಾಸನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಅದು ಫಳಫಳ ಹೊಳೆಯಿತು, ಸವೆದಿದ್ದ ಅಕ್ಷರ ಇನ್ನಷ್ಟು ಸವೆಯಿತು. ಹಳೆಯ ನಾಣ್ಯವನ್ನು ಎಂದೂ ತಿಕ್ಕಿ ತೊಳೆಯಬಾರದು ಎಂದು ಆಮೇಲೆ ತಿಳಿಯಿತು. ಇನ್ನೊಂದು ಕಾಸನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು. ಅದರ ಮೇಲೆ ಕನ್ನಡ ಅಕ್ಷರವೂ ಇತ್ತು, ಫಾರಸಿ ಅಕ್ಷರವೂ ಇತ್ತು. ಶಾಲೆಯಲ್ಲಿ ಕಲಿತ ಕನ್ನಡದಿಂದ ಒಂದನ್ನು ಓದಿದೆ. ಮನೆಯಲ್ಲಿ ಅಮ್ಮಿ ಕಲಿಸಿದ ಉರ್ದುವಿನಿಂದ ಇನ್ನೊಂದನ್ನು ಓದಿದೆ. ಜರ್ಬ್ ಮಹಿಸೂರ್, ಅಂದರೆ ಮೈಸೂರಿನಲ್ಲಿ ಹೊಡೆದದ್ದು. ನಾನಾ ಅಷ್ಟು ವರ್ಷ ಕಾದಿಟ್ಟಿದ್ದನ್ನು ನಾನು ಎರಡು ನಿಮಿಷದಲ್ಲಿ ಓದಿದೆ. ಅವರಿಗೆ ಓದಿ ಹೇಳಲು ಆಗಲಿಲ್ಲವಲ್ಲ ಎಂದು ಬೇಸರವೂ ಆಯಿತು.

ಆದ್ದರಿಂದ ಈ ಹವ್ಯಾಸಕ್ಕೆ ಭವಿಷ್ಯ ಇದೆಯೇ ಎಂದರೆ, ನಾವು ಅದನ್ನು ಯಾಕೆ ಮಾಡುತ್ತೇವೆ ಎಂಬುದರ ಮೇಲಿದೆ ಎನ್ನುತ್ತೇನೆ. ಬೆಲೆಯ ಆಸೆಗೆ ಮಾಡಿದರೆ ಮೋಸವೇ ಹೆಚ್ಚು. ಹಳೆಯ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನು ಮಾಡುವವರಿದ್ದಾರೆ. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಶುಲ್ಕ ಕೊಡಬೇಡಿ ಎಂದು 2021ರಲ್ಲಿ ಅದು ಸಾರ್ವಜನಿಕರನ್ನು ಎಚ್ಚರಿಸಿದೆ. ನೆಲ ಅಗೆಯುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು ಎಂದು 1878ರ ಕಾಯ್ದೆ ಹೇಳುತ್ತದೆ. ಅದನ್ನು ಬಚ್ಚಿಟ್ಟು ಮಾರುವುದು ಸಂಗ್ರಹವಲ್ಲ, ಅಪರಾಧ.

ಓದುವುದಕ್ಕಾಗಿ ಮಾಡಿದರೆ ಮಾತ್ರ ಇದು ಉಳಿಯುತ್ತದೆ. ನಾಣ್ಯ ಬಳಕೆಯಿಂದ ಹೋದಷ್ಟೂ ಅದನ್ನು ಓದಬಲ್ಲವರ ಅಗತ್ಯ ಹೆಚ್ಚುತ್ತದೆ. ಪ್ರಿನ್ಸೆಪ್ ಅವರ ಬಳಿ ಇದ್ದದ್ದು ಒಳ್ಳೆಯ ತಕ್ಕಡಿ, ಕೆಟ್ಟ ಕಣ್ಣು, ಮತ್ತು ಕಂಡದ್ದನ್ನು ಹಂಚಿಕೊಳ್ಳುವ ಒಂದು ಪತ್ರಿಕೆ. ನಮ್ಮ ಬಳಿ ಕನ್ನಡ, ಉರ್ದು, ಇಂಗ್ಲಿಷ್ ಮೂರು ಲಿಪಿಗಳಿವೆ, ಅಕ್ಷರ ದೊಡ್ಡದಾಗಿ ತೋರಿಸುವ ಮೊಬೈಲ್ ಕ್ಯಾಮೆರಾ ಇದೆ, ಈ ಪತ್ರಿಕೆಯೂ ಇದೆ. ಗೆಳೆಯ ಗೆಳತಿಯರೇ, ನಿಮ್ಮ ಮನೆಯ ಬೀರುವಿನಲ್ಲಿ ಒಂದು ಹಳೆಯ ನಾಣ್ಯವೋ, ಅಂಚೆಚೀಟಿ ಅಂಟಿಸಿದ ಹಳೆಯ ಲಕೋಟೆಯೋ ಇದ್ದರೆ ತೆಗೆದು ನೋಡಿ. ಅದು ಯಾರದು, ಎಲ್ಲಿಂದ ಬಂತು ಎಂದು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.

ನಾನಾ ಅವರ ಡಬ್ಬಿ ಈಗ ನನ್ನ ಪುಸ್ತಕದ ಕಪಾಟಿನಲ್ಲಿದೆ. ಮೈಸೂರಿನ ಕಾಸನ್ನು ಅಬ್ಬಾ ಅವರಿಗೆ ಓದಿ ತೋರಿಸಿದೆ. ಅವರು ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಂಡು ನೋಡಿದರು. ತೂಕಕ್ಕೆ ಹಾಕುವ ಮಾತನ್ನು ಮತ್ತೆ ಎತ್ತಲಿಲ್ಲ.